ಆಷಾಢದ ಗಾಳಿ ಎಲ್ಲಿಂದ ಬರ್ತೈತ್ರಿ? ಆಫ್ರಿಕಾದಿಂದ ಅಂತಾರ, ಖರೇನ?

ಮುಳಗುಂದ ನಾಕಾ:

ನಮಸ್ಕಾರ ಎಲ್ಲಾರಿಗೂ. ನಾನು ಗದಗ ಕಡೆಯಾಂವ. ಹದಿನೈದ ದಿನ ಆತು, ಇಲ್ಲೆ ಗಾಳಿ ಅಂದ್ರ ಗಾಳಿ. ಮಾಳಗಿ ಮ್ಯಾಲೆ ಒಣಹಾಕಿದ ಅರಬಿ ಒಂದೂ ನಿಂದರವಲ್ದು, ನಿನ್ನೆ ನಮ್ಮವ್ವನ ಸೀರಿ ಹಾರಿ ಹೋಗಿ ಬಾಜೂ ಮನಿ ಬೇವಿನ ಗಿಡಕ್ಕ ಸಿಕ್ಕೊಂಡಿತ್ತು, ಕೋಲು ಹಾಕಿ ಇಳಿಸೂದರಾಗ ಅದು ಹರದು ಎರಡಾತು, ಅದಕ್ಕೂ ನನಗ ಬೈಗಳ. ಮ್ಯಾಲೆ ನೋಡಿದ್ರ ಕರಿ ಮೋಡ ಒಂದರ ಹಿಂದ ಒಂದು ಮೂಡಣದ ಕಡೆ ಓಡಾಕತ್ತಾವ, ಆದ್ರ ಹನಿ ಮಾತ್ರ ಇಲ್ಲ. ಹೊಲದಾಗ ಹೆಸರು ಬಾಡಾಕತ್ತೈತಿ.

ನಮ್ಮ ಮುತ್ಯಾ ಇದ್ದಾಗ "ಆಷಾಢದ ಗಾಳಿ, ಶ್ರಾವಣ ಬಂದ್ರ ಇಳೀತೈತಿ" ಅಂತ ಅಷ್ಟ ಹೇಳ್ತಿದ್ದ, ಯಾಕಂತ ಕೇಳಿದ್ರ ಎಲಿಅಡಿಕಿ ಚೀಲ ಬಿಚ್ಚತಿದ್ದ. ಈಗ ಎಂಟನೇತ್ತಿ ಓದೂ ಮಗಳು ಗಂಟು ಬಿದ್ದಾಳ. "ಅಪ್ಪಾ, ಪಶ್ಚಿಮದಿಂದ ಅಂದ್ರ ಗೋವಾದಿಂದ ಬರ್ತೈತೇನು? ಗೋವಾಕ್ಕ ಎಲ್ಲಿಂದ ಬಂತು?" ಅಂತ. ಯಾರೋ ವಾಟ್ಸಾಪಿನ್ಯಾಗ ಇದು ಆಫ್ರಿಕಾದಿಂದ ಬರೂ ಗಾಳಿ ಅಂತ ಹಾಕಿದ್ರು. ಖರೇನ? ಮತ್ತ ಸಮುದ್ರ ದಾಟಿ ಬಂದ ಗಾಳಿ ಅಂದ ಮ್ಯಾಲೆ ನಮಗ್ಯಾಕ ಮಳಿ ಕೊಡವಲ್ದು? ತಿಳಿದಾವ್ರು ಹೇಳ್ರಿ, ಆಕಿಗೆ ಉತ್ತರ ಕೊಡಬೇಕು ನಾ.

ಕಟಿಂಗ್ ಚಹಾ:

ಆಫ್ರಿಕಾ ಅಂದ್ರೆ ಸಹಾರಾ ಮರುಭೂಮಿ ಗಾಳಿ ಬ್ರೋ, ಅದಕ್ಕೇ ಮಳೆ ಇಲ್ಲ ಸಿಂಪಲ್. ಭೂಮಿ ತಿರುಗೋದ್ರಿಂದ ಗಾಳಿನೂ ತಿರುಗುತ್ತೆ. ಸಿಂಕಲ್ಲಿ ನೀರು ಸುತ್ತೋದು ನೋಡಿಲ್ವಾ, ನಮ್ಮಲ್ಲಿ ಒಂದು ಕಡೆಗೆ ಆಸ್ಟ್ರೇಲಿಯಾದಲ್ಲಿ ಇನ್ನೊಂದು ಕಡೆಗೆ, ಅದೇ ಇದು.

ಬೋರ್ಡು ಸೀಮೆಸುಣ್ಣ:

ಸಹಾರಾ ಅಲ್ಲ, ಸಿಂಕೂ ಅಲ್ಲ. ಸಿಂಕಿನ ನೀರು ಯಾವ ಕಡೆ ಸುತ್ತುತ್ತೆ ಅನ್ನೋದು ಬೇಸಿನ್ ಆಕಾರದ ಮೇಲೆ, ನೀವು ನಲ್ಲಿ ಹೇಗೆ ಬಿಟ್ರಿ ಅನ್ನೋದ್ರ ಮೇಲೆ ಹೋಗುತ್ತೆ. ಭೂಮಿ ತಿರುಗೋದರ ಪ್ರಭಾವ ಕಾಣೋಕೆ ನೂರಾರು ಕಿಲೋಮೀಟರ್ ಜಾಗ, ಗಂಟೆಗಟ್ಟಲೆ ಟೈಮು ಬೇಕು, ಅರ್ಧ ಬಕೆಟ್ ನೀರಲ್ಲಿ ಅದು ಕಾಣಲ್ಲ. ಆದ್ರೆ ಗಾಳಿ ತಿರುಗೋದಕ್ಕೆ ಭೂಮಿ ತಿರುಗೋದು ಕಾರಣ ಅಂದ್ರಲ್ಲ, ಅಷ್ಟು ಸರಿ.

ಗದಗಿನವರೇ, ನಿಮ್ಮ ಮಗಳ ಪ್ರಶ್ನೆ ನನಗೆ ಭಾಳ ಹಿಡಿಸ್ತು, ಯಾಕಂದ್ರೆ "ಗೋವಾಕ್ಕೆ ಎಲ್ಲಿಂದ ಬಂತು" ಅಂತ ಹಿಂದೆ ಹಿಂದೆ ಕೇಳ್ತಾ ಹೋದ್ರೆ ಸಮಭಾಜಕ ದಾಟಿ ಆ ಕಡೆ ಹೋಗ್ತೀವಿ. ವಾಟ್ಸಾಪಲ್ಲಿ ಬಂದಿದ್ದು ಅರ್ಧ ನಿಜ. ಗಾಳಿ ಆಫ್ರಿಕಾದ್ದಲ್ಲ, ಆಫ್ರಿಕಾದ ಗೋಡೆಗೆ ಒರೆಸಿಕೊಂಡು ಬಂದಿದ್ದು.

ಹೇಗೆ ಅಂದ್ರೆ, ನಮಗೆ ಬೇಸಿಗೆ ಮಳೆಗಾಲ ಇರೋವಾಗ ಕೆಳಗಡೆ ಅರ್ಧಗೋಳದಲ್ಲಿ ಚಳಿಗಾಲ. ಮಡಗಾಸ್ಕರ್‌ನ ಆಗ್ನೇಯಕ್ಕೆ, ಸುಮಾರು 30 ಡಿಗ್ರಿ ದಕ್ಷಿಣ ಅಕ್ಷಾಂಶದ ಹತ್ತಿರ ಹಿಂದೂ ಮಹಾಸಾಗರದ ಮೇಲೆ ಗಾಳಿ ಕೆಳಗಿಳಿದು ಒತ್ತಡ ಜಾಸ್ತಿ ಆಗಿರೋ ಒಂದು ಜಾಗ ಇದೆ, ಮಾಸ್ಕರೀನ್ ಅಧಿಕ ಒತ್ತಡ ಅಂತಾರೆ. ಈ ಕಡೆ ರಾಜಸ್ಥಾನ ಪಾಕಿಸ್ತಾನದ ಮೇಲೆ ನೆಲ ಕಾದು ಒತ್ತಡ ಕುಸಿದಿರುತ್ತೆ. ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ಗಾಳಿ ಹೊರಡುತ್ತೆ. ನೇರ ಉತ್ತರಕ್ಕೆ ಬರಬೇಕಿತ್ತು, ಬರಲ್ಲ. ಯಾಕೆ?

ಸಮಭಾಜಕದಲ್ಲಿ ಭೂಮಿ ಮೇಲ್ಮೈ ಪೂರ್ವಕ್ಕೆ ಗಂಟೆಗೆ 1,670 ಕಿ.ಮೀ. ಸ್ಪೀಡಲ್ಲಿ ತಿರುಗ್ತಾ ಇರುತ್ತೆ. 15 ಡಿಗ್ರಿ ಅಕ್ಷಾಂಶದಲ್ಲಿ, ಅಂದ್ರೆ ಹೆಚ್ಚುಕಮ್ಮಿ ನಿಮ್ಮ ಗದಗಲ್ಲಿ, ಸುತ್ತಳತೆ ಚಿಕ್ಕದು, ಅದಕ್ಕೆ ಸುಮಾರು 1,610. ದಕ್ಷಿಣದಿಂದ ಸಮಭಾಜಕಕ್ಕೆ ಬರೋ ಗಾಳಿ ನಿಧಾನದ ಜಾಗದಿಂದ ಜೋರಿನ ಜಾಗಕ್ಕೆ ಬಂದಂಗೆ, ಹಿಂದೆ ಬೀಳುತ್ತೆ, ಪಶ್ಚಿಮಕ್ಕೆ ವಾಲುತ್ತೆ. ಅದೇ ಆಗ್ನೇಯ ವಾಣಿಜ್ಯ ಮಾರುತ. ಸಮಭಾಜಕ ದಾಟಿದ ಮೇಲೆ ಉಲ್ಟಾ, ಜೋರಿನ ಜಾಗದಿಂದ ನಿಧಾನದ ಜಾಗಕ್ಕೆ. ಓಡೋ ಬಸ್ಸಿಂದ ಇಳಿದವನು ಬಸ್ಸು ಹೋದ ಕಡೆಗೇ ನಾಲ್ಕು ಹೆಜ್ಜೆ ಓಡ್ತಾನಲ್ಲ, ಹಾಗೆ ಗಾಳಿ ಪೂರ್ವಕ್ಕೆ ವಾಲುತ್ತೆ. ಆಗ್ನೇಯದಿಂದ ಹೊರಟಿದ್ದು ನೈಋತ್ಯದ ಗಾಳಿಯಾಗಿ ನಮ್ಮನ್ನ ಮುಟ್ಟೋದು ಹೀಗೆ. ಹ್ಯಾಡ್ಲಿ ಅನ್ನೋ ಇಂಗ್ಲಿಷಿನವನು 1735ರಲ್ಲೇ ಹೆಚ್ಚುಕಮ್ಮಿ ಈ ಲೆಕ್ಕ ಹೇಳಿದ್ದ. ಪೂರ್ತಿ ಗಣಿತ ಆಮೇಲೆ ಕೊರಿಯೊಲಿಸ್ ಅನ್ನೋ ಫ್ರೆಂಚ್ ಗಣಿತಜ್ಞನ ಹೆಸರಲ್ಲಿ ಬಂತು. ಬಸ್ಸಿನ ಉದಾಹರಣೆ ಆ ಗಣಿತಕ್ಕೆ ಪೂರ್ತಿ ಸಮ ಅಲ್ಲ, ಎಂಟನೇ ಕ್ಲಾಸಿಗೆ ಸಾಕು.

ಇನ್ನು ಆಫ್ರಿಕಾ ಪಾಲು. ಕೀನ್ಯಾ, ಇಥಿಯೋಪಿಯಾ ಕಡೆ ಎತ್ತರದ ಬೆಟ್ಟಸಾಲು ಗೋಡೆ ಥರ ನಿಂತಿದೆ. ಪಶ್ಚಿಮಕ್ಕೆ ವಾಲಿದ ಗಾಳಿ ಅದಕ್ಕೆ ಆತುಕೊಂಡು, ಆ ಕಡೆ ಹೋಗೋಕಾಗದೆ, ಅಗಲ ಹೊಳೆ ಕಿರಿದಾದ ಕಾಲುವೆಗೆ ನುಗ್ಗಿದ ಹಾಗೆ ಗುಂಪಾಗಿ ಸ್ಪೀಡ್ ಹಿಡಿಯುತ್ತೆ. ನೆಲದಿಂದ ಒಂದು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಸೋಮಾಲಿಯಾ ತೀರದಿಂದ ಅರಬ್ಬಿ ಸಮುದ್ರದ ಮೇಲೆ ನಮ್ಮ ಕಡೆಗೆ ಹರಿಯೋ ಗಾಳಿ ಹೊಳೆ ಇದು. 1969ರಲ್ಲಿ ಫಿಂಡ್ಲೇಟರ್ ಅನ್ನೋ ಬ್ರಿಟಿಷ್ ಹವಾಮಾನ ತಜ್ಞ ಇದರ ದಾರಿ ಬಿಡಿಸಿ ತೋರಿಸಿದ, ಅವನ ಹೆಸರೇ ಉಳ್ಕೊಂಡಿದೆ, ಫಿಂಡ್ಲೇಟರ್ ಜೆಟ್. ಮಾಸ್ಕರೀನ್ ಹತ್ತಿರದಿಂದ ನಿಮ್ಮನೆ ಬೇವಿನ ಮರದ ತನಕ ದಾರಿ ಅಳೆದ್ರೆ 7-8 ಸಾವಿರ ಕಿಲೋಮೀಟರ್ ಆಗುತ್ತೆ. ಅಮ್ಮನ ಸೀರೆ ಹರಿದ ಗಾಳಿ ಅಷ್ಟು ದೂರದ್ದು ಅಂತ ಹೇಳಿ, ಬೈಗುಳ ಸ್ವಲ್ಪ ಕಮ್ಮಿ ಆದ್ರೂ ಆಗಬಹುದು.

ಒಂದು ತಪ್ಪೊಪ್ಪಿಗೆ. ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೀನಿ, "ನೆಲ ಬೇಗ ಕಾಯುತ್ತೆ, ಕಡಲು ನಿಧಾನ ಕಾಯುತ್ತೆ, ಅದಕ್ಕೇ ಮಾನ್ಸೂನ್" ಅಂತ ಬೋರ್ಡ್ ಮೇಲೆ ಬರೆದು ಕೈ ತೊಳ್ಕೊಂಡೆ. ಒಬ್ಬ ಹುಡುಗ ಎದ್ದು ಕೇಳಿದ, "ಸಾರ್, ನೆಲ ಜಾಸ್ತಿ ಕಾಯೋದು ಮೇ ತಿಂಗಳಲ್ಲಿ, ಗಾಳಿ ಜೋರು ಜುಲೈನಲ್ಲಿ, ಅಷ್ಟೊತ್ತಿಗೆ ಮಳೆ ಬಂದು ನೆಲ ತಣ್ಣಗಾಗಿರುತ್ತಲ್ಲ?" ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ, ಕೂತ್ಕೊ ಅಂದೆ. ಉತ್ತರ ಏನಪ್ಪಾ ಅಂದ್ರೆ ಬಿಸಿ ನೆಲ ಕಿಕ್ ಸ್ಟಾರ್ಟ್ ಮಾತ್ರ. ಮಳೆ ಶುರುವಾದ ಮೇಲೆ ಆವಿ ನೀರಾಗೋವಾಗ ಬಿಡೋ ಶಾಖ ಮೇಲಿನ ಗಾಳೀನ ಕಾಯಿಸುತ್ತೆ, ಅದು ಇನ್ನಷ್ಟು ಗಾಳಿ ಎಳೆಯುತ್ತೆ, ಆ ಗಾಳಿ ಇನ್ನಷ್ಟು ಆವಿ ತರುತ್ತೆ. ಇಂಜಿನ್ ತನ್ನ ಪೆಟ್ರೋಲ್ ತಾನೇ ತಂದುಕೊಂಡ ಹಾಗೆ. ಅದಕ್ಕೇ ಗಾಳಿಯ ಜೋರು ಮೇನಲ್ಲಲ್ಲ, ಆಷಾಢದಲ್ಲಿ.

ಇಂಜಿನ್ ರೂಮ್:

ಮೇಷ್ಟ್ರೇ ಸೂಪರ್. ನಾನು ಮರ್ಚೆಂಟ್ ನೇವಿ, ಊರು ಹೊನ್ನಾವರ ಹತ್ತಿರ. ಈ ಗಾಳಿ ಜೋರು ಹಿಡಿಯೋ ಜಾಗದಲ್ಲಿ ಜುಲೈನಲ್ಲಿ ಎರಡು ಸಲ ಹೋಗಿದೀನಿ, ಮೂರನೇ ಸಲ ಬೇಡ ಅನಿಸಿದೆ. ಏಡನ್ ಕೊಲ್ಲಿಯಿಂದ ಹೊರಗೆ ಬಂದು ಸೊಕೊಟ್ರಾ ದ್ವೀಪ ದಾಟ್ತಿದ್ದ ಹಾಗೆ ಹಡಗು ರೋಲಿಂಗ್ ಶುರು, ಮೆಸ್ಸಲ್ಲಿ ತಟ್ಟೆ ಕೆಳಗೆ ಒದ್ದೆ ಬಟ್ಟೆ ಹಾಕಿ ಊಟ ಮಾಡಬೇಕು, ಇಲ್ಲಾಂದ್ರೆ ಸಾಂಬಾರು ಪಕ್ಕದವನ ಮಡಿಲಿಗೆ. ಒಂದು ಒಳ್ಳೇದು ಅಂದ್ರೆ ಆ ಎರಡು ಮೂರು ತಿಂಗಳು ಸೋಮಾಲಿ ಕಡಲ್ಗಳ್ಳರ ಕಾಟ ಕಮ್ಮಿ, ಅವರ ಸಣ್ಣ ಬೋಟು ಆ ಅಲೆಗೆ ನಿಲ್ಲಲ್ಲ.

ನಾನು ಹೇಳ್ಬೇಕು ಅಂದಿದ್ದು ನೀರಿನ ವಿಷಯ. ಇಂಜಿನ್ ತಂಪು ಮಾಡೋಕೆ ಸಮುದ್ರದ ನೀರೇ ಎಳ್ಕೊಳ್ಳೋದು, ಅದರ ಟೆಂಪರೇಚರ್ ಪ್ರತಿ ಪಾಳಿಯಲ್ಲೂ ಲಾಗ್ ಬುಕ್ಕಲ್ಲಿ ಬರೀತೀವಿ. ನಮ್ಮ ಕಾರವಾರ ಮಂಗಳೂರು ಕಡೆ 28-29 ಡಿಗ್ರಿ ಇರೋ ನೀರು ಸೋಮಾಲಿಯಾ ಹತ್ತಿರ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತೆ, ಸಮಭಾಜಕದ ಅಷ್ಟು ಹತ್ತಿರ, ನೆತ್ತಿ ಸುಡೋ ಜಾಗದಲ್ಲಿ! ಮೊದಲ ಸಲ ಮೀಟರ್ ಕೆಟ್ಟಿದೆ ಅಂತ ಬಡಿದು ನೋಡಿದ್ದೆ, ಚೀಫ್ ಇಂಜಿನಿಯರ್ ನಕ್ಕು "ಮೀಟರ್ ಸರಿಯಾಗಿದೆ, ಕೆಳಗಿನ ನೀರು ಮೇಲೆ ಬಂದಿದೆ" ಅಂದ್ರು.

ಆಮೇಲೆ ಅವರೇ ಹೇಳಿದ್ದು. ಗಾಳಿ ಸಮುದ್ರದ ಮೇಲೆ ಬೀಸಿದ್ರೆ ನೀರು ಗಾಳಿ ಹೋದ ಕಡೆಗೇ ಹೋಗಲ್ಲ, ಉತ್ತರಾರ್ಧಗೋಳದಲ್ಲಿ ಬಲಕ್ಕೆ ಸರಿಯುತ್ತೆ. ನಾನ್ಸೆನ್ ಅಂತ ನಾರ್ವೆಯವನು ಫ್ರಾಮ್ ಅನ್ನೋ ಹಡಗನ್ನ ಉತ್ತರ ಧ್ರುವದ ಹಿಮದಲ್ಲಿ ಬೇಕಂತಲೇ ಸಿಕ್ಕಿಸಿ ತೇಲಿ ಹೋಗೋವಾಗ, ಹಿಮ ಗಾಳಿಯ ದಿಕ್ಕಿಗಿಂತ ಬಲಕ್ಕೆ ವಾಲಿ ಹೋಗೋದು ಗಮನಿಸಿದ್ದನಂತೆ, ಅದಕ್ಕೆ ಲೆಕ್ಕ ಕೊಟ್ಟಿದ್ದು ಸ್ವೀಡನ್ನಿನ ಎಕ್ಮನ್, 1905ರಲ್ಲಿ. ಈಗ ಸೋಮಾಲಿಯಾ ನಕ್ಷೆ ನೋಡಿ, ತೀರ ನೈಋತ್ಯದಿಂದ ಈಶಾನ್ಯಕ್ಕೆ ಓಡುತ್ತೆ, ಗಾಳಿನೂ ಅದೇ ದಿಕ್ಕು, ಅದರ ಬಲ ಅಂದ್ರೆ ತೀರದಿಂದ ಆಚೆ. ಮೇಲಿನ ಬಿಸಿ ನೀರು ಆಚೆ ಹೋಯ್ತು, ಖಾಲಿ ಜಾಗ ತುಂಬೋಕೆ ಕೆಳಗಿನ ತಣ್ಣೀರು ಎದ್ದು ಬಂತು.

ಅದೂ ಅಲ್ಲದೆ ಅಲ್ಲಿ ಕಡಲ ಪ್ರವಾಹವೇ ದಿಕ್ಕು ಬದಲಿಸುತ್ತೆ. ಅಟ್ಲಾಂಟಿಕ್‌ನಲ್ಲಿ ಗಲ್ಫ್ ಸ್ಟ್ರೀಮ್ ವರ್ಷಪೂರ್ತಿ ಒಂದೇ ಕಡೆಗೆ ಹೋಗುತ್ತೆ, ಸೋಮಾಲಿ ಪ್ರವಾಹ ಮಾತ್ರ ಮಳೆಗಾಲದಲ್ಲಿ ಉತ್ತರಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ. ದುಡ್ಡಿರೋ ಕಡೆ ವಾಲೋ ನಮ್ಮ ಪುಢಾರಿಗಳ ಥರ, ಆರು ತಿಂಗಳಿಗೊಂದು ಪಕ್ಷ.

ಸಲಾಲಾ ಬಾಡಿಗೆ ಮನೆ:

ಇಂಜಿನ್ ರೂಮ್ ಅವರು ಹೇಳಿದ ತಣ್ಣೀರಿನ ಪ್ರಸಾದ ನಾವು ಒಮಾನಲ್ಲಿ ಉಣ್ತಿದೀವಿ. ನಾನು ದಾವಣಗೆರೆಯವನು, ಸಲಾಲಾದಲ್ಲಿ ಆರು ವರ್ಷದಿಂದ ಇದೀನಿ. ಈಗ ಮಸ್ಕತ್‌ನಲ್ಲಿ ನಲವತ್ತು ದಾಟಿದೆ, ನಮ್ಮಲ್ಲಿ ಇಪ್ಪತ್ತೈದು ಇಪ್ಪತ್ತಾರು, ಹೊರಗೆ ಜಿಟಿಜಿಟಿ ಮಂಜು. ಇಲ್ಲಿ ಖರೀಫ್ ಅಂತಾರೆ, ನಮ್ಮ ಮುಂಗಾರು ಬೆಳೆಗೂ ಇದೇ ಹೆಸರು ಅಲ್ವಾ ಅಂತ ಮೊದಲು ನಗು ಬಂತು. ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಅದೇ ಗಾಳಿ ತೀರದ ಪಕ್ಕದಲ್ಲೇ ಹಾದು ಹೋಗುತ್ತೆ, ಇಲ್ಲೂ ತಣ್ಣೀರು ಮೇಲೆ ಬರುತ್ತೆ, ಆ ತಣ್ಣೀರಿನ ಮೇಲೆ ಹಾದ ತೇವದ ಗಾಳಿ ಮಂಜಾಗಿ ಧೋಫಾರ್ ಬೆಟ್ಟಕ್ಕೆ ತಗಲಾಕೊಂಡು ಬೋಳು ಗುಡ್ಡವೆಲ್ಲ ಹಸಿರು ಆಗಿಬಿಡುತ್ತೆ. ಮಡಿಕೇರಿಗೆ ಬೆಂಗಳೂರಿನವರು ನುಗ್ಗೋ ಹಾಗೆ ಇಡೀ ಗಲ್ಫ್ ಇಲ್ಲಿಗೆ ನುಗ್ಗುತ್ತೆ. ರಸ್ತೆ ಬದಿಯಲ್ಲಿ ಎಳನೀರು, ಬಾಳೆಹಣ್ಣು, ಅರಬ್ ದೇಶ ಅಂತ ಹೇಳಿದ್ರೆ ಊರಲ್ಲಿ ಯಾರೂ ನಂಬಲ್ಲ. ಬೆಟ್ಟ ದಾಟಿ ಅರ್ಧ ಗಂಟೆ ಡ್ರೈವ್ ಮಾಡಿದ್ರೆ ಮತ್ತೆ ಬೆಂಕಿ ಮರುಭೂಮಿ.

ಮಲ್ಪೆ ದಕ್ಕೆ:

ನಮ್ಮ ಬದಿದು ಯಾರೂ ಹೇಳ್ಲೇ ಇಲ್ಲ ಅಲ್ಲ ಮಾರಾಯ್ರೆ. ಈಗ ಬೋಟೆಲ್ಲ ದಕ್ಕೆಯಲ್ಲಿ ಉಂಟು, ಜೂನ್ 1ರಿಂದ ಜುಲೈ 31, 61 ದಿನ ಬಂದ್. ನಾಡದೋಣಿಯವರು ಮಾತ್ರ ಕಡಲು ಸ್ವಲ್ಪ ಸಮ ಇದ್ದ ದಿನ ಹೋಗ್ತಾರೆ. ಬಂದ್ ಇಲ್ದಿದ್ರೂ ಈ ಗಾಳಿಗೆ ಹೋಗ್ಲಿಕ್ಕೆ ಯಾರಿಗೆ ಧೈರ್ಯ ಉಂಟು ಹೇಳಿ.

ನಮ್ಮಲ್ಲಿಯೂ ನೀರು ತಿರುಗ್ತದೆ. ಮಳೆಗಾಲದಲ್ಲಿ ಕರೆಯ ನೀರು ತೆಂಕಿಗೆ ಎಳೀತದೆ, ದೀಪಾವಳಿ ಕಳೆದ ಮೇಲೆ ಬಡಗಿಗೆ. ಬಲೆ ಬಿಟ್ಟವರಿಗೆ ಇದು ಪುಸ್ತಕ ಓದದೆ ಗೊತ್ತು, ಬಲೆ ಎತ್ತ ಕಡೆ ಹೋಗ್ತದೆ ನೋಡಿದ್ರಾಯ್ತು. ಚಳಿಗಾಲದಲ್ಲಿ ಬಡಗಿಗೆ ಹೋಗುವ ಆ ನೀರಿನಲ್ಲಿ ಬಂಗಾಳ ಕೊಲ್ಲಿಯ ಉಪ್ಪು ಕಮ್ಮಿ ಇರುವ ನೀರು ಕೂಡ ಸೇರಿರ್ತದೆ ಅಂತ ಫಿಶರೀಸ್ ಕಾಲೇಜಿನ ಹುಡುಗರು ಹೇಳಿದ್ದು, ಗಂಗೆ ನೀರು ಶ್ರೀಲಂಕಾ ಸುತ್ತಿ ಮಲ್ಪೆಗೆ ಬಂತು ಅಂತ ನಮ್ಮ ಅಣ್ಣ ತಮಾಷೆ ಮಾಡ್ತಾನೆ, ಕಾಶಿಗೆ ಹೋಗುವ ಖರ್ಚು ಉಳೀತಂತೆ.

ಸೋಮಾಲಿಯಾದ ಹಾಗೆ ಇಲ್ಲಿಯೂ ಮಳೆಗಾಲದಲ್ಲಿ ಕೆಳಗಿನ ತಣ್ಣೀರು ಮೇಲೆ ಬರ್ತದೆ, ಅಷ್ಟು ಜೋರಲ್ಲ. ಆ ನೀರಲ್ಲಿ ಗೊಬ್ಬರದ ಅಂಶ ಜಾಸ್ತಿ, ಕಣ್ಣಿಗೆ ಕಾಣದ ಪಾಚಿ ಬೆಳೀತದೆ, ಅದನ್ನು ತಿನ್ನಲಿಕ್ಕೆ ಬೂತಾಯಿ. ಮಳೆ ಮುಗಿಯುವಾಗ ಬೂತಾಯಿ ಬಂಗುಡೆ ರಾಶಿ ಬೀಳುವುದಕ್ಕೆ ಇದೇ ಗಾಳಿ ಕಾರಣ. ಆದ್ರೆ ಅದೇ ತಣ್ಣೀರಲ್ಲಿ ಉಸಿರು ಕಮ್ಮಿ, ಆಮ್ಲಜನಕ ಇಲ್ಲ, ಅದು ಕರೆಗೆ ತುಂಬಾ ಹತ್ತಿರ ಬಂದ್ರೆ ಅಡಿ ಮೀನಿಗೆ ಕಷ್ಟ.

ನಮ್ಮ ಅಜ್ಜ ಮಂಜಿಯಲ್ಲಿ ಹೋದವರು, ಹಾಯಿ ಕಟ್ಟಿ ಹೆಂಚು ತುಂಬಿಸಿಕೊಂಡು. ಮಳೆಗಾಲಕ್ಕೆ ಮಂಜಿ ಮೇಲೆ ಎಳೆದು ಮಡಲು ಮುಚ್ಚಿದ್ರೆ ಮತ್ತೆ ನೂಲ ಹುಣ್ಣಿಮೆಗೆ ಕಡಲಿಗೆ ಹಾಲು ತೆಂಗಿನಕಾಯಿ ಕೊಟ್ಟ ಮೇಲೆಯೇ ಇಳಿಸುವುದು. ಅರಬರು ಭಟ್ಕಳಕ್ಕೆ ಕುದುರೆ ತಂದದ್ದೂ ಇದೇ ಲೆಕ್ಕದಲ್ಲಿ, ನೈಋತ್ಯದ ಗಾಳಿ ಇಳಿಮುಖ ಆಗುವಾಗ ಅದನ್ನು ಬೆನ್ನಿಗೆ ಹಾಕಿ ಬರುವುದು, ಈಶಾನ್ಯದ ಗಾಳಿ ಎದ್ದ ಮೇಲೆ ಅದರಲ್ಲಿ ವಾಪಸ್. ಮಾನ್ಸೂನ್ ಎಂಬ ಮಾತೇ ಅವರ ಮೌಸಿಮ್, ಅಂದ್ರೆ ಸೀಸನ್.

ಮುಳಗುಂದ ನಾಕಾ:

ಅಬ್ಬಬ್ಬಾ, ಇಷ್ಟು ಉತ್ತರ ಬರ್ತಾವಂತ ಅನ್ಕೊಂಡಿರಲಿಲ್ಲ ನಾ. ಮಗಳು ಓದಿ ಅಟ್ಲಾಸ್ ತಗೊಂಡು ಕುಂತಾಳ, ಮಡಗಾಸ್ಕರದಿಂದ ಗದಗ ತನಕ ಕೆಂಪ ಪೆನ್ನಿಲೆ ಗೆರಿ ಹೊಡದಾಳ, ಲೈಬ್ರರಿ ಪುಸ್ತಕ ಅದು, ಇರಲಿ.

ಆದ್ರ ಮೇಷ್ಟ್ರ, ನಾ ಕೇಳಿದ್ದು ಅರ್ಧ ಉಳೀತಲ್ರಿ. ಮಲ್ಪಿಯವರಿಗೆ ಬೂತಾಯಿ ಕೊಟ್ಟ ಗಾಳಿ, ಒಮಾನಿನ ಮರುಭೂಮಿಗೆ ಹಸಿರು ಕೊಟ್ಟ ಗಾಳಿ, ನಮ್ಮ ಹೆಸರಿಗೆ ನಾಕ ಹನಿ ಯಾಕ ಕೊಡವಲ್ದು? ಮತ್ತ ಟೀವ್ಯಾಗ ಎಲ್ ನಿನೊ ಅಂತ ಹೆದರಸ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಐತೇನ್ರಿ?

ಬೋರ್ಡು ಸೀಮೆಸುಣ್ಣ:

ನಿಮ್ಮ ಪಾಲಿನ ಮಳೇನ ಸಹ್ಯಾದ್ರಿ ಹೊಡ್ಕೊಂಡುಬಿಡುತ್ತೆ. ಘಟ್ಟ ಅಡ್ಡ ಬಂದಾಗ ಗಾಳಿ ಏರಬೇಕು, ಏರಿದ್ರೆ ತಣ್ಣಗಾಗುತ್ತೆ, ಹಿಡ್ಕೊಂಡಿರೋ ನೀರು ಸುರಿಯುತ್ತೆ. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ, ನಿಮಗೆ 600ರ ಆಸುಪಾಸು. ಘಟ್ಟ ದಾಟಿದ ಗಾಳಿ ಇಳಿಯುತ್ತಾ ಬಿಸಿ ಆಗುತ್ತೆ, ನೂರು ಮೀಟರ್ ಇಳಿದ್ರೆ ಹೆಚ್ಚುಕಮ್ಮಿ ಒಂದು ಡಿಗ್ರಿ. ಬಿಸಿಯಾದ ಗಾಳಿ ನೀರು ಬಿಡಲ್ಲ. ನೀವು ನೋಡೋ ಓಡೋ ಮೋಡ ದಪ್ಪ ಇಲ್ಲದ ಮೋಡ, ಮೇಲಕ್ಕೆ ಬೆಳೆಯೋಕೆ ಪುರುಸೊತ್ತೇ ಇಲ್ಲ ಅದಕ್ಕೆ. ಗಾಳಿಯ ಜೋರು ಮಾತ್ರ ಉಳಿಯುತ್ತೆ, ಯಾಕಂದ್ರೆ ಗದಗ ಸಮುದ್ರಮಟ್ಟದಿಂದ 650 ಮೀಟರ್ ಎತ್ತರದಲ್ಲಿದೆ, ಮೇಲೆ ಹರಿಯೋ ಗಾಳಿ ಹೊಳೆಗೆ ಅಷ್ಟು ಹತ್ತಿರ. ಹಗಲು ನೆಲ ಕಾದು ಗಾಳಿ ಮೇಲೆ ಕೆಳಗೆ ಕಲಸಿದಾಗ ಮೇಲಿನ ಸ್ಪೀಡು ಕೆಳಗಿಳಿದು ನಿಮ್ಮ ಮಾಳಿಗೆಗೆ ಬಡಿಯುತ್ತೆ.

ಈ ಜೆಟ್ ಒಂದೇ ದಾರೀಲಿ ಹೋಗಲ್ಲ ಅನ್ನೋದೂ ಇದೆ. ಮಳೆ ಚೆನ್ನಾಗಿ ಹಿಡಿದಾಗ ನೇರ ನಮ್ಮ ಪರ್ಯಾಯ ದ್ವೀಪದ ಮೇಲೆ ಹಾಯುತ್ತೆ. ಮಳೆ ಬಿಡುವು ಕೊಟ್ಟಾಗ ದಕ್ಷಿಣಕ್ಕೆ ಬಾಗಿ ಶ್ರೀಲಂಕಾ ಕಡೆ ಹೋಗಿಬಿಡುತ್ತೆ.

ಎಲ್ ನಿನೊ ಬೇರೆ ಸಾಗರದ ಕತೆ, ಪೆಸಿಫಿಕ್‌ದು. ಅಲ್ಲಿ ಮಾಮೂಲಿಗೆ ಪೂರ್ವದಿಂದ ಬೀಸೋ ವಾಣಿಜ್ಯ ಮಾರುತ ಬಿಸಿ ನೀರನ್ನ ಇಂಡೋನೇಷ್ಯಾ ಕಡೆ ತಳ್ಳಿ ಗುಡ್ಡೆ ಹಾಕಿರುತ್ತೆ, ಪೆರು ತೀರದಲ್ಲಿ ತಣ್ಣೀರು. ಗಾಳಿ ಸೋತ ವರ್ಷ ಬಿಸಿ ನೀರು ಪೂರ್ವಕ್ಕೆ ಜಾರುತ್ತೆ, ಮಳೆ ಮೋಡನೂ ಅದರ ಹಿಂದೆ ಹೋಗುತ್ತೆ, ನಮ್ಮ ಕಡೆ ಗಾಳಿ ಮೇಲೇರೋ ಬದಲು ಕೆಳಗೆ ಕೂರುತ್ತೆ. ತಮಾಷೆ ಅಂದ್ರೆ ಈ ಸುಳಿವು ಮೊದಲು ಹಿಡಿದಿದ್ದು ನಮ್ಮ ಬರಗಾಲದ ದೆಸೆಯಿಂದ. 1904ರಲ್ಲಿ ಭಾರತದ ಹವಾಮಾನ ಇಲಾಖೆ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಗಣಿತದವನು, ಮಾನ್ಸೂನ್ ಯಾಕೆ ಕೈಕೊಡುತ್ತೆ ಅಂತ ಪ್ರಪಂಚದ ಮೂಲೆ ಮೂಲೆಯ ಒತ್ತಡದ ಲೆಕ್ಕ ಹಾಕಿಸಿ, ಪೆಸಿಫಿಕ್‌ನ ಆ ಕಡೆ ಏರಿದ್ರೆ ಈ ಕಡೆ ಇಳಿಯೋ ತಕ್ಕಡಿ ಒಂದಿದೆ ಅಂತ ಕಂಡುಹಿಡಿದ.

ಆದ್ರೆ ಟೀವಿಯವರು ಎಲ್ ನಿನೊ ಅಂದ ತಕ್ಷಣ ಬರ ಅಂತ ಬ್ಯಾನರ್ ಹಾಕೋದು ನನಗೆ ಆಗಲ್ಲ. 1997ರಲ್ಲಿ ಭಾರೀ ಎಲ್ ನಿನೊ, ದೇಶಕ್ಕೆ ಮಾಮೂಲಿ ಮಳೆನೇ ಬಂತು, ಯಾಕಂದ್ರೆ ಅದೇ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ ಪೂರ್ವ ಭಾಗ ತಣ್ಣಗಾಗಿ ನಮ್ಮ ಕಡೆಯ ತಕ್ಕಡಿ ಕೈಹಿಡೀತು. 2023ರಲ್ಲಿ ಕೈಹಿಡೀಲಿಲ್ಲ. ಆ ಆಗಸ್ಟು 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟು, ನಮ್ಮ ರಾಜ್ಯದಲ್ಲಿ 200ಕ್ಕೂ ಜಾಸ್ತಿ ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು.

ಕಟಿಂಗ್ ಚಹಾ:

ಓಕೆ ಸಾರ್, ಸಿಂಕ್ ವಾಪಸ್ ತಗೊಂಡೆ 😄

ಕಪ್ಪತಗುಡ್ಡ ಶಿಫ್ಟ್:

ಮುಳಗುಂದ ನಾಕಾ ಅಣ್ಣಾರ, ನಾ ನಿಮ್ಮ ಬಾಜೂಕನ ಇದ್ದೀನಿ, ಗುಡ್ಡದ ಮ್ಯಾಗಿನ ಗಾಳಿ ಫ್ಯಾನಿನ ಮೆಂಟೇನೆನ್ಸ್ ಕೆಲಸ. ನಿಮಗ ಸೀರಿ ಹರಿಯೂ ಟೈಮು ನಮಗ ಸೀಸನ್. ಗಾಳಿ ಡಬಲ್ ಆದ್ರ ಕರೆಂಟ್ ಡಬಲ್ ಅಲ್ಲ, ಎಂಟು ಪಟ್ಟು, ಅದಕ್ಕ ಈ ಎರಡು ಮೂರು ತಿಂಗಳು ಒಂದು ಮಷೀನ್ ಬಂದ್ ಬಿದ್ರೂ ಆಫೀಸಿನಿಂದ ಫೋನ್ ಮ್ಯಾಲೆ ಫೋನ್. ಮ್ಯಾಲೆ ಹತ್ತಿ ರಿಪೇರಿ ಮಾಡಾಕ ಗಾಳಿ ಬಿಡಂಗಿಲ್ಲ, ಕೆಳಗ ನಿಂತು ಬೈಗಳ ತಿನ್ನೂದು.

ಮಗಳನ್ನ ಒಂದಿನ ಕರಕೊಂಡು ಬರ್ರಿ, ಕೆಳಗ ರಸ್ತಾದಾಗ ನಿಂತು ನೋಡಿದ್ರೂ ಸಾಕು. ಈಗ ಎಲ್ಲಾ ಫ್ಯಾನೂ ಪಡುವಣಕ್ಕ ಮುಖ ಮಾಡಿ ನಿಂತಾವ, ಗಾಳಿ ಎತ್ತಿಂದ ಬರ್ತೈತಿ ಅತ್ತ ತಾವ ತಿರಗತಾವ. ಆಮ್ಯಾಲೆ ಡಿಸೆಂಬರದಾಗ ಇನ್ನೊಮ್ಮೆ ಬರ್ರಿ. ಅಷ್ಟೊತ್ತಿಗೆ ಎಲ್ಲಾ ಮೂಡಣಕ್ಕ ತಿರಗಿರ್ತಾವ.

ಮುಳಗುಂದ ನಾಕಾ:

ಐತವಾರ ಬರ್ತೀವಿ ತಮ್ಮಾ. ಅಟ್ಲಾಸ್ ತರ್ತಾಳಂತ.